ಕ್ರಿಸ್‌ಮಸ್ ಉಡುಗೊರೆಯೂ ಚನ್ನಪಟ್ಟಣದ ಗಿಲಕಿಯೂ

ಡಿಸೆಂಬರ್ ತಿಂಗಳು ಹುಟ್ಟಿತೆಂದರೆ ಕೇರಳದ ಕಛೇರಿಗಳಲ್ಲಿ ಒಂದು ಸಣ್ಣ ಡಬ್ಬಿ ಮೇಜಿನಿಂದ ಮೇಜಿಗೆ ಸುತ್ತಲು ತೊಡಗುತ್ತದೆ. ಅದರೊಳಗೆ ಸೆಕ್ಷನ್ನಿನ ಎಲ್ಲರ ಹೆಸರು ಬರೆದ ಚೀಟಿಗಳು. ಕೈಗೆ ಯಾರ ಹೆಸರು ಬಂತೋ ಅವರು ಆ ವರ್ಷಕ್ಕೆ ನಮ್ಮ ‘ಕ್ರಿಸ್‌ಮಸ್ ಫ್ರೆಂಡ್’. ಹೆಸರನ್ನು ಗುಟ್ಟಾಗಿಟ್ಟುಕೊಂಡು, ರಜೆಯ ಹಿಂದಿನ ದಿನ ಕೇಕು ಕತ್ತರಿಸುವ ಹೊತ್ತಿಗೆ ಅವರಿಗೊಂದು ಉಡುಗೊರೆ ಕೊಡಬೇಕು. ಜಾತಿ ಮತಗಳ ಪ್ರಶ್ನೆ ಇಲ್ಲ. ಹಣೆಗೆ ಚಂದನ ಹಚ್ಚಿಕೊಂಡು ಬರುವ ಸೂಪರಿಂಟೆಂಡೆಂಟರೂ ಚೀಟಿ ಎತ್ತುತ್ತಾರೆ, ಶುಕ್ರವಾರ ಮಧ್ಯಾಹ್ನ ಮಸೀದಿಗೆ ಹೋಗುವ ಅಕೌಂಟೆಂಟರೂ ಎತ್ತುತ್ತಾರೆ. ನಮ್ಮ ಸೆಕ್ಷನ್ನಿನಲ್ಲಿ ಉಡುಗೊರೆಯ ಬೆಲೆ ಇನ್ನೂರು ರೂಪಾಯಿಗೆ ಮೀರಬಾರದೆಂದು ಒಂದು ಕಟ್ಟುಪಾಡೂ ಇದೆ. ಗುಮಾಸ್ತರು ಮಾಡಿಕೊಂಡ ಕಟ್ಟುಪಾಡಾದ್ದರಿಂದ ಅದನ್ನು ಮುರಿದವರಿಲ್ಲ!

ನಾವು ಮೈಸೂರು ಸೀಮೆಯಿಂದ ವರ್ಗವಾಗಿ ಮೊದಲು ಕೊಚ್ಚಿಗೆ ಬಂದವರು. ಅಲ್ಲಿ ಮೊದಲ ವರ್ಷವೇ ನಮ್ಮ ಕೈಗೆ ಬಂದ ಚೀಟಿಯಲ್ಲಿದ್ದುದು ಆಗತಾನೇ ಹೆರಿಗೆ ರಜೆ, ಮಕ್ಕಳ ಪಾಲನೆಯ ರಜೆ ಎಲ್ಲ ಮುಗಿಸಿ ಬಂದಿದ್ದ ಒಬ್ಬ ಸಹೋದ್ಯೋಗಿಯ ಹೆಸರು. ಮನೆಯಲ್ಲಿ ಒಂದು ವರ್ಷ ಎರಡು ತಿಂಗಳಿನ ಗಂಡು ಮಗು. ತಾಯಿಗೆ ಕೊಡುವುದಕ್ಕಿಂತ ಮಗುವಿಗೆ ಏನಾದರೂ ಕೊಟ್ಟರೆ ಚೆನ್ನೆಂದು ನಮಗೆ ತೋರಿತು. ಸಂಜೆ ಎರ್ನಾಕುಳಂ ಬ್ರಾಡ್‌ವೇಗೆ ಹೋದೆವು. ಆ ಇಕ್ಕಟ್ಟಿನ ಬೀದಿಯಲ್ಲಿ ಆ ದಿನಗಳಲ್ಲಿ ತಲೆಯೆತ್ತಿದರೆ ಕಾಗದದ ನಕ್ಷತ್ರಗಳು, ತಲೆ ತಗ್ಗಿಸಿದರೆ ಪ್ಲಾಸ್ಟಿಕ್ ಆಟಿಕೆಗಳ ರಾಶಿ. ನೂರಿಪ್ಪತ್ತು ರೂಪಾಯಿಗೆ ಕೆಂಪು ಬಣ್ಣದ ಒಂದು ಕಾರು ಸಿಕ್ಕಿತು. ಮಿಂಚುವ ಕಾಗದ ಸುತ್ತಿಸಿ, ಅದಕ್ಕೆ ಹತ್ತು ರೂಪಾಯಿ ಬೇರೆ ಕೊಟ್ಟು ತಂದೆವು.

ರಜೆ ಕಳೆದು ಬಂದ ಆಕೆ ಮೊದಲ ಎರಡು ದಿನ ಕಾರಿನ ಸುದ್ದಿಯನ್ನೇ ಎತ್ತಲಿಲ್ಲ. ಮೂರನೆಯ ದಿನ ನಾವೇ ಕೇಳಿದಾಗ ಹೇಳಿದರು: ಕ್ರಿಸ್‌ಮಸ್ ದಿನ ಸಂಜೆಯೇ ಗಾಲಿ ಕಳಚಿತಂತೆ, ಮಗು ಅದನ್ನು ಬಾಯಿಗೆ ಹಾಕಿಕೊಂಡಿತಂತೆ, ಅಜ್ಜಿ ಬೆರಳು ಹಾಕಿ ತೆಗೆದರಂತೆ. “ಒನ್ನೂ ಪಟ್ಟಿಯಿಲ್ಲ ಸಾರೇ” ಎಂದು ಆಕೆ ನಕ್ಕರು. ಏನೂ ಆಗಲಿಲ್ಲವೆಂದು ಆಕೆ ನಕ್ಕಂತೆ ನಮಗೆ ನಗಲಾಗಲಿಲ್ಲ. ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ.

ಮಕ್ಕಳ ಆಟಿಕೆಗಳ ಪರೀಕ್ಷೆಗೆ ಒಂದು ಅಳತೆಯ ಕೊಳವೆ ಇದೆಯೆಂದು ಆಮೇಲೆ ಓದಿ ತಿಳಿದೆವು. ಅದರ ಬಾಯಿಯ ಅಡ್ಡಳತೆ 31.7 ಮಿಲಿಮೀಟರ್, ಅಂದರೆ ಒಂದೂಕಾಲು ಅಂಗುಲ. ಮೂರು ವರ್ಷದೊಳಗಿನ ಮಗುವಿನ ಗಂಟಲಿನ ಅಂದಾಜು ಅದು. ಆ ಕೊಳವೆಯೊಳಗೆ ಪೂರ್ತಿ ಇಳಿಯುವ ಯಾವ ಬಿಡಿಭಾಗವೂ ಅಂಥ ಮಗುವಿನ ಆಟಿಕೆಯಲ್ಲಿ ಇರಕೂಡದು, ಕಳಚಿ ಬರಲೂಕೂಡದು. ನಮ್ಮ ಹತ್ತು ರೂಪಾಯಿಯ ನಾಣ್ಯ 27 ಮಿಲಿಮೀಟರ್. ಅದಕ್ಕಿಂತ ತುಸು ದೊಡ್ಡದಾದ ಗುಂಡನ್ನೂ ನಂಬುವಂತಿಲ್ಲವೆಂದಾಯಿತು. ಬಿ.ಎಸ್ಸಿ. ಪಾಸು ಮಾಡಿಕೊಂಡ ನಮಗೆ ಇದು ಕಾರು ಕೊಳ್ಳುವ ಮೊದಲೇ ಹೊಳೆಯಬೇಕಿತ್ತು.

“ರೀ, ಊರಲ್ಲಿ ನಿಮ್ಮಮ್ಮ ನಮ್ಮ ಮಗಳಿಗೆ ಕೊಟ್ಟಿದ್ದ ಗಿಲಕಿ ಇತ್ತಲ್ಲ, ಅಂಥದ್ದು ಕೊಡಬಾರದಿತ್ತೇ?” ಎಂದರು ನಮ್ಮ ಶ್ರೀಮತಿ. ಹೌದು. ಹಳದಿ ಹಿಡಿ, ಕೆಂಪು ತಲೆ, ಒಳಗೆ ಗಿಲಿಗಿಲಿ ಶಬ್ದ. ಬೆಂಗಳೂರು ಮೈಸೂರು ಮಧ್ಯೆ ರೈಲಿನಲ್ಲೋ ಬಸ್ಸಿನಲ್ಲೋ ಓಡಾಡಿದ ಯಾರ ಮನೆಯಲ್ಲಿ ಅದು ಇಲ್ಲ? ಕಣ್ಣೆದುರಿಗೇ ಇದ್ದುದರಿಂದ ಅದಕ್ಕೊಂದು ಚರಿತ್ರೆ ಇದೆಯೆಂದು ನಾವು ಯೋಚಿಸಿರಲೇ ಇಲ್ಲ. ಹುಡುಕಲು ಹೊರಟಾಗ ಸಿಕ್ಕಿದ್ದನ್ನು ಓದುಗ ಬಾಂಧವರ ಮುಂದಿಡುತ್ತಿದ್ದೇವೆ.

ಚನ್ನಪಟ್ಟಣ ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್ ದೂರದಲ್ಲಿ ಮೈಸೂರು ರಸ್ತೆಯ ಮೇಲಿದೆ. ಅಲ್ಲಿಯ ಬೊಂಬೆಯ ಕಸುಬನ್ನು ಟಿಪ್ಪು ಸುಲ್ತಾನನು ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿ ಆರಂಭಿಸಿದನೆಂಬುದು ಎಲ್ಲರ ಬಾಯಲ್ಲಿರುವ ಮಾತು. ಸರ್ಕಾರದ ಕರಪತ್ರಗಳಲ್ಲೂ ಇದೇ ಇರುತ್ತದೆ. ಆದರೆ ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಕಂಪನಿ ಸರ್ಕಾರದ ಆಜ್ಞೆಯ ಮೇಲೆ ಈ ಸೀಮೆಯನ್ನೆಲ್ಲ ಸುತ್ತಿ ಬೆಳೆ, ಕಸುಬು, ಸಂತೆಗಳನ್ನು ಬರೆದಿಟ್ಟನಷ್ಟೆ. ಚನ್ನಪಟ್ಟಣದಲ್ಲಿ ಆತ ಎತ್ತಿ ಹೇಳಿದ್ದು ಗಾಜಿನ ಬಳೆಗಳನ್ನು, ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿಯನ್ನು, ಮತ್ತು ನಯವಾದ ಸಕ್ಕರೆಯನ್ನು. ಟಿಪ್ಪುವಿನ ಕಥೆ ಸುಳ್ಳೆಂದು ಇದರಿಂದ ಸಾಧಿಸಲು ನಾವು ಹೊರಟಿಲ್ಲ. ಮರಕ್ಕೆ ಅರಗು ಹಚ್ಚುವ ವಿದ್ಯೆ ದೇಶದ ಹಲವು ಕಡೆ ಇದ್ದದ್ದೇ. ಆದರೆ ಅದು ಒಂದು ಊರಿನ ಹೆಸರಾಗಿ ಮನೆಮನೆಗೆ ಮುಟ್ಟಿದ್ದು ಆಮೇಲಿನ ಮಾತೆಂದು ನಮ್ಮ ಊಹೆ. ಅದಕ್ಕೆ ಇಬ್ಬರು ಕಾರಣ. ಒಂದು ರೈಲು, ಇನ್ನೊಬ್ಬರು ಬವಾಸ್ ಮಿಯಾನ್.

ಬೆಂಗಳೂರು ಮೈಸೂರು ರೈಲು ಹಾದಿ 1882ರ ಹೊತ್ತಿಗೆ ಪೂರ್ತಿಯಾಯಿತು. ಚನ್ನಪಟ್ಟಣ ಆ ಹಾದಿಯ ಒಂದು ನಿಲ್ದಾಣ. ದಸರಕ್ಕೆಂದು ಹೋಗಿಬರುವ ಜನ, ಕಿಟಕಿಯಲ್ಲಿ ಕೂತ ಮಕ್ಕಳು, ಪ್ಲಾಟ್‌ಫಾರಂ ಮೇಲೆ ಬುಟ್ಟಿ. ಇದಕ್ಕಿಂತ ಒಳ್ಳೆಯ ಅಂಗಡಿ ಯಾವುದಿದ್ದೀತು? ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬವಾಸ್ ಮಿಯಾನ್ ಎಂಬವರು ಜಪಾನಿನ ಅರಗಿನ ಕೆಲಸದ ರೀತಿಯನ್ನು ಕಲಿತು ಊರಿನ ಕುಶಲಕರ್ಮಿಗಳಿಗೆ ಕಲಿಸಿದರೆಂದು ಚನ್ನಪಟ್ಟಣದವರು ಇಂದಿಗೂ ನೆನೆಯುತ್ತಾರೆ. ಚನ್ನಪಟ್ಟಣದ ಬೊಂಬೆಗಳ ಪಿತಾಮಹರೆಂದು ಕರೆಯುವುದು ಅವರನ್ನೇ. ಮೈಸೂರು ಸಂಸ್ಥಾನ ಆಗ ಜಪಾನಿನ ಕಡೆ ಕಣ್ಣಿಟ್ಟಿದ್ದ ಕಾಲ. ಮುಂದೆ ದಿವಾನರಾದ ವಿಶ್ವೇಶ್ವರಯ್ಯನವರು 1898ರಲ್ಲೇ ಅಲ್ಲಿಗೆ ಹೋಗಿ ಬಂದಿದ್ದರು.

ಈಗ ಮರದ ವಿಷಯ. ಚನ್ನಪಟ್ಟಣದವರು ಹಿಂದಿನಿಂದ ಬಳಸುತ್ತಿದ್ದುದು ಆಲೆ ಮರ, ಕೆಲವರ ಬಾಯಲ್ಲಿ ಹಾಲೆ ಮರ. ಬೆಳ್ಳಗೆ ದಂತದಂತೆ ಇರುತ್ತದೆ. ಎಳೆ ನಯ, ತೂಕ ಕಡಿಮೆ, ಸಿಬಿರು ಏಳುವುದಿಲ್ಲ. ಕಡಿದು ಎರಡು ಮೂರು ತಿಂಗಳು ಒಣಗಿಸಿದರೆ ಕೆಲಸಕ್ಕೆ ಸಿದ್ಧ. ಮೇಜು ಕುರ್ಚಿಗೆ ಬಾರದ, ಸಣ್ಣ ಕಾಂಡದ ಮರವಾದ್ದರಿಂದ ಅಗ್ಗ. ತೇಗ ಬೀಟೆಗಳಲ್ಲಿ ಮಾಡಿದ್ದರೆ ಬಡವರ ಮಗುವಿನ ಕೈಗೆ ಗಿಲಕಿ ಬರುತ್ತಿರಲಿಲ್ಲ. ಈಚೆಗೆ ಆಲೆ ಮರ ಸಾಲದೆ ಬೇರೆ ಮರಗಳೂ ಬಂದಿವೆ. ಅವುಗಳಲ್ಲಿ ಒಂದು ರಬ್ಬರ್ ಮರ. ರಬ್ಬರ್ ಬೆಳೆಯುವುದರಲ್ಲಿ ದೇಶಕ್ಕೇ ಮೊದಲು ಈ ಕೇರಳ. ಹಾಲು ಬತ್ತಿದ ರಬ್ಬರ್ ಮರ ಒಲೆಗೆ ಹೋಗುವ ಬದಲು ಬೊಂಬೆಯಾಗುವುದು ಒಳ್ಳೆಯದೇ.

ಬಣ್ಣದ ಗುಟ್ಟು ಇರುವುದು ಅರಗಿನಲ್ಲಿ. ಪಾಂಡವರನ್ನು ಸುಡಲು ಕಟ್ಟಿಸಿದ ಅರಗಿನ ಮನೆಯ ಅರಗು ಅದೇ. ಮುತ್ತುಗ, ಎಲಚಿ ಮುಂತಾದ ಮರಗಳ ಎಳೆ ರೆಂಬೆಗಳ ಮೇಲೆ ಕೂತು ರಸ ಹೀರುವ ಒಂದು ಪುಟ್ಟ ಹುಳು ತನ್ನ ಮೈಸುತ್ತ ಸ್ರವಿಸುವ ಅಂಟು. ಇದನ್ನು ಬೆಳೆಯುವುದು ಹೆಚ್ಚಾಗಿ ಜಾರ್ಖಂಡ, ಛತ್ತೀಸಗಢಗಳ ಕಾಡುಸೀಮೆಯಲ್ಲಿ. ಇದಕ್ಕೆಂದೇ ರಾಂಚಿಯ ಹತ್ತಿರ ನಾಮ್‌ಕುಮ್‌ನಲ್ಲಿ 1924ರಿಂದ ಒಂದು ಸಂಶೋಧನಾ ಸಂಸ್ಥೆ ಇದೆ. ನಮ್ಮ ತಾತಂದಿರ ಕಾಲದ ಗ್ರಾಮಫೋನ್ ತಟ್ಟೆಗಳಲ್ಲಿದ್ದುದೂ ಈ ಅರಗೇ, ಇಂದು ನಾವು ನುಂಗುವ ಹಲವು ಮಾತ್ರೆಗಳ ಹೊಳೆಯುವ ಹೊದಿಕೆಯೂ ಇದೇ. ಅಂದರೆ ಹೊಟ್ಟೆಗೆ ಹೋದರೂ ಕೆಡುಕಿಲ್ಲದ ಪದಾರ್ಥ.

ಮಾಡುವ ಕ್ರಮ ನೋಡಲು ಬಹು ಚೆಂದ. ಮರದ ತುಂಡನ್ನು ಲೇತಿಗೆ ಸಿಕ್ಕಿಸಿ ತಿರುಗಿಸುತ್ತ ಉಳಿಯಿಂದ ಆಕಾರ ಕೊಡುತ್ತಾರೆ. ಹಿಂದೆ ಇದು ಕಮಾನು ಎಳೆದು ತಿರುಗಿಸುವ ಕೈಯಂತ್ರ, ಈಗ ಬಹಳ ಕಡೆ ವಿದ್ಯುತ್ತಿನದು. ಆಕಾರವಾದ ಮೇಲೆ, ತುಂಡು ತಿರುಗುತ್ತಿರುವಾಗಲೇ, ಬಣ್ಣ ಬೆರೆಸಿ ಕಡ್ಡಿಯಂತೆ ಎಳೆದಿಟ್ಟ ಅರಗನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರದ ಮೈಗೆ ಹತ್ತುತ್ತದೆ. ಬೆಂಕಿಯಿಲ್ಲ, ಕುಂಚವಿಲ್ಲ, ಒಣಗಲು ಕಾಯಬೇಕಾದ್ದಿಲ್ಲ. ಕೊನೆಗೆ ತಾಳೆ ಗರಿಯನ್ನು ಮಡಿಸಿ ಒತ್ತಿದರೆ ಕನ್ನಡಿಯಂಥ ಹೊಳಪು. ಇದು ತಾಳೆ ಹೂವಿನ, ಎಂದರೆ ಕೇದಿಗೆಯ, ಗರಿ. ಕೇರಳದಲ್ಲಿ ಚಾಪೆ ಹೆಣೆಯುವ ಕೈದ ಇದೇ ಜಾತಿಯದು. ಒಂದು ನಿಮಿಷದಲ್ಲಿ ಮುಗಿಯುವ ಈ ಬಣ್ಣಗಾರಿಕೆಯೇ ಗಿಲಕಿಯ ಬೆಲೆಯನ್ನು ಕೆಳಗಿಟ್ಟದ್ದು.

ಲೇತಿನಿಂದ ಅಗ್ಗದ ಆಟಿಕೆ ಮಾಡಿ ಬದುಕಿದವರು ನಾವು ಮಾತ್ರವಲ್ಲ. ಕ್ರಿಸ್‌ಮಸ್‌ಗೂ ಆಟಿಕೆಗೂ ಗಂಟುಬಿದ್ದ ಕಥೆಯಲ್ಲಿ ಜರ್ಮನಿಯ ಒಂದು ಹಳ್ಳಿಯ ಪಾಲು ದೊಡ್ಡದು. ನಾಲ್ಕನೆಯ ಶತಮಾನದಲ್ಲಿ ಈಗಿನ ತುರ್ಕಿ ದೇಶದ ಮೈರಾ ಎಂಬಲ್ಲಿ ನಿಕೊಲಸ್ ಎಂಬ ಬಿಷಪ್ ಇದ್ದರಷ್ಟೆ. ಅವರ ಹಬ್ಬ ಡಿಸೆಂಬರ್ 6. ಅದರ ಹಿಂದಿನ ಸಂಜೆ ಮಕ್ಕಳಿಗೆ ಉಡುಗೊರೆ ಕೊಡುವ ಪದ್ಧತಿ ಹಾಲೆಂಡಿನಲ್ಲಿ ಇಂದಿಗೂ ಉಂಟು. ಡಚ್ಚರ ‘ಸಿಂಟರ್‌ಕ್ಲಾಸ್’ ಅಮೆರಿಕಕ್ಕೆ ಹೋಗಿ ಸಾಂತಾಕ್ಲಾಸ್ ಆದ. ಕೇರಳದ ಮಕ್ಕಳಿಗೆ ಆತ ‘ಕ್ರಿಸ್‌ಮಸ್ ಅಪ್ಪೂಪ್ಪನ್’, ಎಂದರೆ ಅಜ್ಜ. ಜರ್ಮನಿಯಲ್ಲಿ ಲೂಥರನ ಮತಸುಧಾರಣೆಯ ಬಳಿಕ ಮಕ್ಕಳ ಉಡುಗೊರೆ ಕ್ರಮೇಣ ಕ್ರಿಸ್‌ಮಸ್ ದಿನಕ್ಕೇ ಸರಿಯಿತು. ಅಲ್ಲಿಯ ಝೈಫನ್ ಎಂಬ ಬೆಟ್ಟದ ಹಳ್ಳಿಯವರು ತವರದ ಗಣಿಯಲ್ಲಿ ದುಡಿಯುತ್ತಿದ್ದರು. ಗಣಿ ಸೊರಗಿದಾಗ ಹೊಟ್ಟೆಪಾಡಿಗೆ ಲೇತ್ ಹಿಡಿದರು. ಅವರ ಜಾಣತನ ಕೇಳಿ: ಮರದ ಒಂದು ದಪ್ಪ ಬಳೆಯನ್ನು, ಅಡ್ಡ ಸೀಳಿದರೆ ಕುದುರೆಯ ಆಕಾರ ಕಾಣುವಂತೆ ಕಡೆದು, ಆಮೇಲೆ ಕಡುಬು ಕತ್ತರಿಸಿದಂತೆ ಕತ್ತರಿಸುತ್ತ ಹೋಗುವುದು. ಒಂದು ಬಳೆಗೆ ಡಜನ್‌ಗಟ್ಟಲೆ ಕುದುರೆ! ಸುಮಾರು 1800ರ ಹೊತ್ತಿಗೆ ಬಂದ ಈ ಉಪಾಯದಿಂದ ಕೂಲಿಕಾರರ ಮಕ್ಕಳಿಗೂ ಕ್ರಿಸ್‌ಮಸ್‌ನಲ್ಲಿ ಮರದ ಹಸು, ಕುರಿ ಸಿಗುವಂತಾಯಿತು. ಕಡೆದವರಿಗೆ ಹೆಚ್ಚೇನೂ ಉಳಿಯುತ್ತಿರಲಿಲ್ಲವೆನ್ನಿ. ಅಗ್ಗದ ಆಟಿಕೆಯ ಚರಿತ್ರೆಯಲ್ಲಿ ಆ ಮಾತು ಎಲ್ಲ ಕಡೆಯೂ ಒಂದೇ.

ಚನ್ನಪಟ್ಟಣದಲ್ಲೂ ಹಾಗೆಯೇ ಆಯಿತು. ಚೀನಾದ ಪ್ಲಾಸ್ಟಿಕ್ ಆಟಿಕೆಗಳು ನಮ್ಮ ಪೇಟೆಗಳನ್ನು ತುಂಬಿದ ಮೇಲೆ ಎಷ್ಟೋ ಮನೆಗಳ ಲೇತ್ ನಿಂತುಹೋಯಿತು. ಮಕ್ಕಳು ಬೆಂಗಳೂರಿಗೆ ಬೇರೆ ಕೆಲಸ ಹುಡುಕಿ ಹೋದರು. ಕೈಹಿಡಿಯಲು ಬಂದವರಲ್ಲಿ ನಮ್ಮ ಸರ್ಕಾರದ ಜೊತೆಗೆ ನೆದರ್ಲೆಂಡ್ಸ್ ಸರ್ಕಾರವೂ ಒಂದು. ‘ವಿಶ್ವ’ ಯೋಜನೆಯಡಿ ಚನ್ನಪಟ್ಟಣದಲ್ಲಿ ಕಡೆಯುವ ಯಂತ್ರಗಳಿರುವ ಕರಕುಶಲ ಕೇಂದ್ರಕ್ಕೆ ಅವರ ನೆರವು ದೊರೆಯಿತು. 1663ರಿಂದ 1795ರವರೆಗೆ ಕೊಚ್ಚಿಯ ಕೋಟೆಯಲ್ಲಿ ಕೂತು ಮೆಣಸಿನ ವ್ಯಾಪಾರ ಮಾಡಿದವರ ದೇಶದಿಂದಲೇ ನಮ್ಮ ಬೊಂಬೆಗೂ ಸಹಾಯ ಬಂತೆಂಬುದು ಒಂದು ಸ್ವಾರಸ್ಯ. 2005–06ರ ಸಾಲಿನಲ್ಲಿ ಚನ್ನಪಟ್ಟಣದ ಬೊಂಬೆಗೆ ಭೌಗೋಳಿಕ ಗುರುತಿನ ನೋಂದಣಿಯೂ ಆಯಿತು. ಮೈಸೂರು ಪಾಕಿಗೆ ಇಲ್ಲದ ರಕ್ಷಣೆ ಗಿಲಕಿಗೆ ಸಿಕ್ಕಿತು.

2007ರಲ್ಲಿ ಒಂದು ಹೊಸ ಮಾತು ಎದ್ದಿತು. ಚೀನಾದಲ್ಲಿ ತಯಾರಾದ ಲಕ್ಷಾಂತರ ಆಟಿಕೆಗಳನ್ನು, ಬಣ್ಣದಲ್ಲಿ ಸೀಸ ಇದೆಯೆಂಬ ಕಾರಣಕ್ಕೆ, ಅಮೆರಿಕದ ಕಂಪನಿಗಳು ಅಂಗಡಿಗಳಿಂದ ವಾಪಸು ಪಡೆದವು. ಸೀಸದ ಕಥೆ ಮಾತ್ರ ಅದಕ್ಕಿಂತ ನೂರು ವರ್ಷ ಹಳೆಯದು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಮಕ್ಕಳಿಗೆ ಬರುತ್ತಿದ್ದ ವಿಚಿತ್ರ ಕಾಯಿಲೆಗೆ ಜಗಲಿಯ ಕಟಕಟೆಗೆ ಬಳಿದ ಬಿಳಿ ಬಣ್ಣವೇ ಮೂಲವೆಂದು ಲಾಕ್‌ಹಾರ್ಟ್ ಗಿಬ್ಸನ್ ಎಂಬ ಕಣ್ಣಿನ ವೈದ್ಯರು 1904ರಲ್ಲೇ ಬರೆದರು. ಬಣ್ಣದ ಪುಡಿ ಕೈಗೆ ಹತ್ತುತ್ತಿತ್ತು, ಮಕ್ಕಳು ಬೆರಳು ಚೀಪುತ್ತಿದ್ದರು. ಆದರೂ ಅಮೆರಿಕ ಮನೆಬಣ್ಣದಲ್ಲಿ ಸೀಸವನ್ನು ನಿಷೇಧಿಸಿದ್ದು 1978ರಲ್ಲಿ. ನಮ್ಮಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗ ಎಂಬ ಮಿತಿಯ ನಿಯಮ ಬಂದದ್ದು 2016ರಲ್ಲಿ. ಸೀಸ ಮಗುವಿನ ಮಿದುಳಿನ ಬೆಳವಣಿಗೆಯನ್ನು ಕುಂದಿಸುತ್ತದೆ, ಹೊರಗೆ ಏನೂ ಕಾಣಿಸುವುದಿಲ್ಲ. ದೊಡ್ಡವರಿಗಿಂತ ಮಕ್ಕಳ ಕರುಳು ಅದನ್ನು ಬಹಳ ಹೆಚ್ಚಾಗಿ ಹೀರಿಕೊಳ್ಳುತ್ತದೆ. ಎದ್ದು ಓಡಾಡಲು ಕಲಿಯುವ ವಯಸ್ಸೇ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ವಯಸ್ಸು. ಕಣ್ಣಿಗೆ ಕಂಡ ಗೊಂಬೆಯ ಪರಿಚಯ ಮಗುವಿಗೆ ಆಗುವುದು ನಾಲಗೆಯಿಂದಲೇ.

ಮುಂದೆ 2020ರಲ್ಲಿ ಕೇಂದ್ರ ಸರ್ಕಾರ ಆಟಿಕೆಗಳ ಮೇಲಿನ ಆಮದು ಸುಂಕವನ್ನು ಶೇಕಡ 20ರಿಂದ 60ಕ್ಕೆ ಏರಿಸಿತು. 2023ರಲ್ಲಿ ಅದು 70 ಆಯಿತು. 2021ರ ಜನವರಿ 1ರಿಂದ ಆಟಿಕೆಗಳಿಗೆ ಐ.ಎಸ್.ಐ. ಮುದ್ರೆ ಕಡ್ಡಾಯವಾಯಿತು. ನೋಂದಾಯಿತ ಕುಶಲಕರ್ಮಿಗಳ ವಸ್ತುಗಳಿಗೂ ಭೌಗೋಳಿಕ ಗುರುತಿನ ಆಟಿಕೆಗಳಿಗೂ ಇದರಿಂದ ವಿನಾಯಿತಿ ಕೊಟ್ಟರು. ಒಂದೊಂದು ಗಿಲಕಿಗೂ ಪ್ರಯೋಗಶಾಲೆಯ ಫೀಸು ಕಟ್ಟಲು ನೀಲಸಂದ್ರದ ಒಂದು ಮನೆಯ ಲೇತಿಗೆ ಸಾಧ್ಯವೇ? ವಿನಾಯಿತಿ ನ್ಯಾಯವೇ. ಆದರೆ ಕೊಳ್ಳುವವರ ಪಾಲಿಗೆ ಒಂದು ತೊಡಕು ಉಳಿಯಿತು. ಚನ್ನಪಟ್ಟಣದ್ದರ ಮೇಲೆ ಮುದ್ರೆ ಇಲ್ಲದಿರಬಹುದು, ಚನ್ನಪಟ್ಟಣದ್ದೆಂದು ಸುಳ್ಳು ಹೇಳಿ ಮಾರುವುದರ ಮೇಲೂ ಇರುವುದಿಲ್ಲ.

ಆ ತೊಡಕಿಗೆ ನಾವೇ ಸಿಕ್ಕಿಬಿದ್ದೆವು. ತಿರುವನಂತಪುರಕ್ಕೆ ವರ್ಗವಾದ ವರ್ಷ ಅಲ್ಲಿಯ ಒಂದು ಮಾರಾಟ ಮೇಳದಲ್ಲಿ ‘ಚನ್ನಪಟ್ಟಣ’ ಎಂಬ ಹಲಗೆ ಕಂಡು, ಊರಿನವರೇ ಸಿಕ್ಕಿದಂತಾಗಿ, ಕನ್ನಡದಲ್ಲಿ ಮಾತಾಡಿಸಿದೆವು. ಅಂಗಡಿಯವನಿಗೆ ಕನ್ನಡ ಬರಲಿಲ್ಲ! ಅಲ್ಲಿಗೇ ನಿಲ್ಲಿಸಬೇಕಿತ್ತು. ಅಭಿಮಾನ ಬಿಡಲಿಲ್ಲ, ಒಂದು ಬಾತುಕೋಳಿ ಕೊಂಡೆವು. ಮನೆಗೆ ತಂದು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಕೊಕ್ಕಿನ ಹಳದಿ ಬಟ್ಟೆಗೆ ಬಂತು. ಆಗ ಕಾಲೇಜಿನ ರಸಾಯನಶಾಸ್ತ್ರ ನೆನಪಾಯಿತು. ಅರಗು ನೀರಿನಲ್ಲಿ ಕರಗದು, ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಒಣಗಿದ ಎನಾಮೆಲ್ ಬಣ್ಣ ಸ್ಪಿರಿಟ್ಟಿಗೆ ಸುಲಭವಾಗಿ ಬಗ್ಗದು. ಇಂಜೆಕ್ಷನ್ ಕೊಡುವ ಮೊದಲು ಒರೆಸುವ ಸ್ಪಿರಿಟ್ಟನ್ನು ಹತ್ತಿಗೆ ಹಾಕಿ ಗೊಂಬೆಯ ಅಡಿಭಾಗದಲ್ಲಿ ಕಾಣದ ಕಡೆ ತುಸು ಹೊತ್ತು ಒತ್ತಿ ಹಿಡಿಯಿರಿ. ಅಂಟಂಟಾಗಿ ಬಣ್ಣ ಬಿಟ್ಟರೆ ಅರಗು. ಒದ್ದೆ ಬಟ್ಟೆಗೇ ಬಣ್ಣ ಬಿಟ್ಟರೆ ಮಗುವಿಗೆ ಕೊಡಬೇಡಿ. ನಮ್ಮ ಬಾತುಕೋಳಿ ಕಸದ ಬುಟ್ಟಿಗೆ ಹೋಯಿತು, ನೂರೈವತ್ತು ರೂಪಾಯಿ ಅದರ ಜೊತೆಗೆ. ಅರಗೆಂದು ಗೊತ್ತಾದ ಮೇಲೂ ಅದರಲ್ಲಿ ಬೆರೆಸಿದ ಬಣ್ಣ ಯಾವುದೆಂದು ಕೇಳುವುದು ಒಳ್ಳೆಯದು. ಅರಿಸಿನ, ನೀಲಿ ಮುಂತಾದ ಗಿಡಮೂಲದ ಬಣ್ಣಗಳನ್ನೇ ಬಳಸುವವರು ಚನ್ನಪಟ್ಟಣದಲ್ಲಿ ಇದ್ದಾರೆ, ಕೇಳಿದರೆ ಸಂತೋಷದಿಂದ ಹೇಳುತ್ತಾರೆ.

ಇನ್ನೊಂದು ಎಚ್ಚರ. ಹಾಲಿನ ಬಾಟಲಿಯನ್ನು ಕುದಿಸುವಂತೆ ಕೆಲವು ತಾಯಂದಿರು ಆಟಿಕೆಯನ್ನೂ ಕುದಿಸುತ್ತಾರೆ. ಅರಗಿನ ಗಿಲಕಿಯನ್ನು ಕುದಿಸಿದರೆ ಬಣ್ಣ ಮೆತ್ತಗಾಗಿ ಬೆಳ್ಳಗೆ ಕಲೆ ಕಟ್ಟುತ್ತದೆ. ತಣ್ಣೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿದರೆ ಸಾಕು.

ಏನು ಕೊಡಬೇಕೆಂದು ಕೇಳುವವರಿಗೆ ನಮ್ಮ ಅನುಭವದಲ್ಲಿ ಕಂಡದ್ದು ಇಷ್ಟು. ಕೂರಲು ಕಲಿತ ಮಗುವಿಗೆ ಗಿಲಕಿ, ಅದೂ ಒಂದೇ ತುಂಡಿನಲ್ಲಿ ಕಡೆದಂತೆ ಗಟ್ಟಿಯಾಗಿ ಕೂಡಿಸಿದ್ದು. ವರ್ಷ ತುಂಬಿದ ಮೇಲೆ ಕೋಲಿಗೆ ಪೋಣಿಸುವ ಬಣ್ಣದ ಬಳೆಗಳು, ನಡೆಯುವ ಮಗುವಿಗೆ ಎಳೆದುಕೊಂಡು ಹೋಗುವ ಬಂಡಿ. ಬಂಡಿಯ ದಾರ ಒಂದು ಗೇಣಿಗಿಂತ ಉದ್ದ ಬೇಡ, ಕತ್ತಿಗೆ ಸುತ್ತಿಕೊಳ್ಳುತ್ತದೆ. ಬುಗುರಿ ಎಷ್ಟು ಚೆಂದವಾದರೂ ಮೂರು ವರ್ಷದ ಆಚೆಗೆ. ಕಣ್ಣಿನ ಜಾಗದಲ್ಲಿ ಗುಲಗಂಜಿ ಅಂಟಿಸಿದ ಗೊಂಬೆ ಯಾರಾದರೂ ಕೊಟ್ಟರೆ ಮಗುವಿನ ಕೈಗೆ ಕೊಡಲೇಬೇಡಿ. ಆ ಬೀಜ ಜಗಿದರೆ ಕಡುವಿಷ. ಕಾಸೇ ಬೇಡವೆಂದರೆ ಕೇರಳದಲ್ಲಿ ಓಲಪ್ಪಂದು ಇದೆ, ತೆಂಗಿನ ಗರಿಯನ್ನು ಚೌಕವಾಗಿ ಹೆಣೆದ ಚೆಂಡು. ನಮ್ಮ ಕಛೇರಿಯ ಹಿರಿಯ ಜವಾನರೊಬ್ಬರು ಊಟದ ವೇಳೆಯಲ್ಲಿ ಎರಡು ನಿಮಿಷಕ್ಕೆ ಒಂದರಂತೆ ಹೆಣೆಯುತ್ತಾರೆ. ನಮಗೆ ಅವರು ಮೂರು ವರ್ಷದಿಂದ ಕಲಿಸುತ್ತಿದ್ದಾರೆ, ನಮ್ಮದು ಇನ್ನೂ ಚೌಕಕ್ಕೆ ಬಂದಿಲ್ಲ.

ಕೊಳ್ಳುವುದಾದರೆ ನಾವೀಗ ಊರಿಗೆ ಹೋದಾಗಲೇ, ಚನ್ನಪಟ್ಟಣದಲ್ಲಿ ಇಳಿದು, ಕಡೆಯುವವರ ಮನೆಯಿಂದಲೇ ಎಂಟು ಹತ್ತು ತಂದಿಟ್ಟುಕೊಳ್ಳುತ್ತೇವೆ. ಹೋದ ಸಲ ಅವನ್ನು ಐಲ್ಯಾಂಡ್ ಎಕ್ಸ್‌ಪ್ರೆಸ್ಸಿನಲ್ಲಿ ತಂದೆವು. ಹಿಂದೆ ಕೊಚ್ಚಿಯ ವಿಲಿಂಗ್ಡನ್ ದ್ವೀಪದವರೆಗೆ ಓಡುತ್ತಿದ್ದುದರಿಂದ ಬೆಂಗಳೂರಿನ ಆ ಗಾಡಿಗೆ ಆ ಹೆಸರು. ಈಗ ಅದು ಕನ್ಯಾಕುಮಾರಿಗೆ ಹೋಗುತ್ತದೆ, ದ್ವೀಪ ಮುಟ್ಟುವುದಿಲ್ಲ, ಹೆಸರು ಮಾತ್ರ ಬಿಟ್ಟಿಲ್ಲ.

ಆ ಡಿಸೆಂಬರಿನ ಚೀಟಿಯಲ್ಲಿ ನಮಗೆ ಬಂದದ್ದು ನೆಯ್ಯಾಟಿಂಕರದಿಂದ ದಿನಾ ಬಸ್ಸಿನಲ್ಲಿ ಬರುವ ಒಬ್ಬ ಹಿರಿಯರ ಹೆಸರು. ಮನೆಯಲ್ಲಿ ಎಂಟು ತಿಂಗಳ ಮೊಮ್ಮಗಳು. 180 ರೂಪಾಯಿಯ ಗಿಲಕಿಯನ್ನು ಹಳೆಯ ಕನ್ನಡ ಪತ್ರಿಕೆಯ ಹಾಳೆಯಲ್ಲಿ ಸುತ್ತಿ ಕೊಟ್ಟೆವು. ಅವರು ಬಿಚ್ಚಿ, ಮೂಸಿ ನೋಡಿ, “ಇದು ಏದು ಮರಮಾಣ್ ಸಾರೇ?” ಎಂದರು. ಆಲೆ ಮರ ಎಂದರೆ ಅವರಿಗೆ ಗೊತ್ತಾಗಲಿಲ್ಲ. ಸಸ್ಯಶಾಸ್ತ್ರದ ಹೆಸರು ‘ರೈಟಿಯಾ ಟಿಂಕ್ಟೋರಿಯಾ’ ಎಂದು ಬರೆದು ಕೊಟ್ಟೆವು. ಅವರ ಮಗ ಅದನ್ನು ಹುಡುಕಿ ಮರುದಿನ ಫೋನು ಮಾಡಿಸಿದ: ಅದು ಅವರ ‘ದಂತಪ್ಪಾಲ’, ಹಿತ್ತಿಲಲ್ಲೇ ಇದೆ! ಎಲೆಯನ್ನು ತೆಂಗಿನೆಣ್ಣೆಯಲ್ಲಿ ಹಾಕಿ ಬಿಸಿಲಿಗಿಟ್ಟರೆ ಎಣ್ಣೆ ನೇರಳೆ ಬಣ್ಣಕ್ಕೆ ತಿರುಗುತ್ತದೆ, ಚರ್ಮರೋಗಕ್ಕೆ ಹಚ್ಚುತ್ತಾರೆ. ಎಲೆಯಲ್ಲಿ ನೀಲಿ ಬಣ್ಣ ಇದೆ, ಆ ಲ್ಯಾಟಿನ್ ಹೆಸರಿನ ಎರಡನೆಯ ಪದದ ಅರ್ಥವೇ ಬಣ್ಣಗಾರರದು ಎಂದು. ಹಿಂದಿನ ‘ಪಾಲ್’ ನಮ್ಮಲ್ಲಿ ‘ಹಾಲು’ ಆಯಿತು, ಅವರಲ್ಲಿ ‘ಪಾಲ್’ ಆಗಿಯೇ ಉಳಿಯಿತು. ಎಲೆ ಮುರಿದರೆ ಹಾಲು ಸುರಿಸುವ ಮರ ನಮಗೆ ಹಾಲೆ, ಅವರಿಗೆ ಪಾಲ. ಯಕ್ಷಿ ವಾಸಿಸುತ್ತಾಳೆಂದು ಮಲಯಾಳಿಗಳು ಹೇಳುವ ಏಳಿಲಂಪಾಲ ಬೇರೆ ಮರ, ಗಾಬರಿಯಾಗಬೇಕಾದ್ದಿಲ್ಲ.

ಫೆಬ್ರವರಿಯಲ್ಲಿ ಅವರು ಗಿಲಕಿಯನ್ನು ಕಛೇರಿಗೇ ತಂದು ನಮ್ಮ ಮೇಜಿನ ಮೇಲಿಟ್ಟರು. ಕೆಂಪು ತಲೆಯ ಮೇಲೆ ಸಾಲಾಗಿ ನಾಲ್ಕು ಸಣ್ಣ ಗುರುತುಗಳು. ಮೊಮ್ಮಗಳಿಗೆ ಹಲ್ಲು ಬಂದಿತ್ತು. ಭೂತಗನ್ನಡಿ ತರಿಸಿ ನೋಡಿದೆವು, ಬಣ್ಣ ಎದ್ದಿರಲಿಲ್ಲ. ಸಂಜೆಯೊಳಗೆ ಅದನ್ನು ವಾಪಸು ಒಯ್ಯಬೇಕಾಗಿತ್ತು, ಅದಿಲ್ಲದೆ ಅವಳು ಮಲಗುವುದಿಲ್ಲವಂತೆ.